ಗಲಗಲಿ ದಂಪತಿಯ ಸಿಂಗಾಪುರ ಪ್ರಸ್ಥಾನ

ಪ್ರಲ್ಹಾದರಾವ್ ಗಲಗಲಿಯವರ ಸಿಂಗಾಪುರ ಪ್ರವಾಸಕ್ಕೆ ಅಡ್ಡಬಂದದ್ದು ಒಂದು ಕೈಚೀಲ. ಯಾವುದೋ ಮುಂಜಿವೆಯಲ್ಲಿ ಕೊಟ್ಟ ಹಳದಿ ಬಟ್ಟೆಯ ಚೀಲ, ಹಿಡಿಕೆಯ ಹತ್ತಿರ ಹೊಲಿಗೆ ಬಿಚ್ಚಿತ್ತು. ಅದರೊಳಗೆ ಒಂದು ಹಿಡಿ ಅಕ್ಕಿ, ಒಂದು ಅರಿಷಿಣದ ಕೊಂಬು, ಎರಡು ಅಡಿಕೆ, ಒಂದು ತೆಂಗಿನಕಾಯಿ, ಗಂಡಹೆಂಡಿರ ಎರಡು ಹೊಸ ಪಾಸ್‌ಪೋರ್ಟು, ಎರಡು ವಿಮಾನದ ಟಿಕೀಟು ಇದ್ದವು. ಚೀಲ ಇದ್ದದ್ದು ಎದುರುಮನೆಯ ಒಳಗೆ. ಎದುರುಮನೆಯ ಬಾಗಿಲಿಗೆ ಅಂಗೈಯಗಲದ ಕೀಲಿ ಜಡಿದಿತ್ತು. ೧೯೮೧ನೆಯ ಇಸವಿ, ನವೆಂಬರ್ ಹದಿನೈದು, ರವಿವಾರ, ಬೆಳಗಿನ ಎಂಟು ಗಂಟೆ. ಆ ರಾತ್ರಿಯೇ ಮುಂಬೈಯಿಂದ ವಿಮಾನ.

ಅಷ್ಟು ಮಹತ್ವದ ಕಾಗದಗಳನ್ನು ಎದುರುಮನೆಯಲ್ಲಿ ಯಾಕೆ ಇಟ್ಟರು ಎಂದು ಕೇಳುವವರು ನರ್ಮದಕ್ಕನನ್ನು ನೋಡಿದವರಲ್ಲ.

ನರ್ಮದಕ್ಕ ರಾಯರ ಹಿರಿಯ ಅಕ್ಕ. ಗಂಡ ತೀರಿಕೊಂಡ ಮೇಲೆ ಧಾರವಾಡದಿಂದ ಒಂದು ಟ್ರಂಕು ಮತ್ತು ಒಂದು ಪಂಚಾಂಗ ಹಿಡಿದು ಪುಣೆಗೆ ಬಂದವಳು, ಹನ್ನೊಂದು ವರ್ಷದಿಂದ ತಮ್ಮನ ಮನೆಯಲ್ಲಿದ್ದಳು. ಟ್ರಂಕನ್ನು ಮಂಚದ ಕೆಳಗೆ ಇಟ್ಟಳು, ಪಂಚಾಂಗವನ್ನು ಕೆಳಗೆ ಇಡಲೇ ಇಲ್ಲ. ರಾಯರು ಉಗುರು ಕತ್ತರಿಸುವುದರಿಂದ ಹಿಡಿದು ಗ್ಯಾಸಿಗೆ ಹೆಸರು ಹಚ್ಚುವವರೆಗೆ ಎಲ್ಲವೂ ಅವಳನ್ನು ಕೇಳಿಯೇ ಆಗಬೇಕು. ಪಿಂಪ್ರಿಯ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ರಾಯರು ಕೂದಲೆಳೆಯ ದಪ್ಪವನ್ನೂ ಅಳೆದು ಗೆರೆ ಎಳೆಯುವ ಮನುಷ್ಯ. ಆದರೆ ಅಕ್ಕ ಎಳೆದ ಗೆರೆಯನ್ನು ಅವರು ಇದುವರೆಗೆ ದಾಟಿರಲಿಲ್ಲ.

ಇನ್ನು ಸಿಂಗಾಪುರದ ಮಾತು. ಅದು ರಾಯರ ಹಣದ್ದೂ ಅಲ್ಲ, ಕಾರ್ಖಾನೆಯದ್ದೂ ಅಲ್ಲ, ಅವರ ಹೆಂಡತಿ ಇಂದೂಬಾಯಿಯದು. ಒಂದು ಚಹಾಪುಡಿಯ ಕಂಪನಿಯವರು ಪೇಪರಿನಲ್ಲಿ ಸ್ಪರ್ಧೆ ಇಟ್ಟಿದ್ದರು. 'ಈ ಚಹಾ ನನಗೆ ಯಾಕೆ ಸೇರುತ್ತದೆಂದರೆ...' ಎಂಬ ವಾಕ್ಯವನ್ನು ಪೂರ್ತಿ ಮಾಡಬೇಕು, ಗೆದ್ದವರಿಗೆ ಇಬ್ಬರಿಗೆ ಸಿಂಗಾಪುರ, ಮೂರು ರಾತ್ರಿ. ಇಂದೂಬಾಯಿ ಒಂದು ಮಧ್ಯಾಹ್ನ ಪಲ್ಯದ ಸೊಪ್ಪು ಸೋಸುತ್ತ ಕೂತವಳು, ಕೈ ಒರೆಸಿಕೊಂಡು ಒಳ್ಳೆಯ ಮರಾಠಿಯಲ್ಲಿ ಬರೆದು ಕಳಿಸಿದಳು: 'ನಮ್ಮ ಯಜಮಾನರು ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ, ಇದನ್ನು ಕುಡಿದರೆ ಎಲ್ಲಿಗೋ ಹೋಗಿ ಬಂದಂತಾಗುತ್ತದೆ.'

ಮೊದಲನೆಯ ಬಹುಮಾನ ಬಂತು. ವಾಕ್ಯ ಫೋಟೋ ಸಹಿತ ಪೇಪರಿನಲ್ಲಿ ಅಚ್ಚಾಯಿತು. ಅಂದಿನಿಂದ ರಾಯರಿಗೆ ಪಿಂಪ್ರಿಯಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಯಿತು. ಕ್ಯಾಂಟೀನಿನವನು ಚಹಾದ ಕಪ್ಪು ಕೊಡುವಾಗ "ಇವತ್ತು ಎಲ್ಲಿಗೆ ಹೋಗಿ ಬರ್ತೀರಿ ಸಾಹೇಬ?" ಎಂದು ಕೇಳುತ್ತಿದ್ದ. ಸಾಹೇಬರ ಸಾಹೇಬರೂ ನಕ್ಕರು.

ಮತ್ತೆ, ಬರೆದದ್ದು ಸುಳ್ಳೂ ಅಲ್ಲ. ಮದುವೆಯಾದ ಹೊಸದರಲ್ಲಿ ಮಹಾಬಳೇಶ್ವರಕ್ಕೆ ಹೊರಟಾಗ ರಾಯರು ವಾಯಿಯಲ್ಲಿ ಚಹಾ ಕುಡಿಯಲು ಇಳಿದರು, ಬಸ್ಸು ಮದುಮಗಳನ್ನು ಕರೆದುಕೊಂಡು ಹೋಗಿಬಿಟ್ಟಿತು. ಮಂತ್ರಾಲಯಕ್ಕೆ ಹೊರಟಾಗ ನಿದ್ದೆ ಹತ್ತಿ ಗುಂತಕಲ್ಲಿನಲ್ಲಿ ಕಣ್ಣು ಬಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಅವರಿಬ್ಬರೂ ಕೂಡಿ, ಹೊರಟ ಊರನ್ನು ಹೇಳಿದ ದಿನ ಮುಟ್ಟಿದ್ದು ಎರಡೋ ಮೂರೋ ಸಲ. ಆದ್ದರಿಂದ ಈ ಸಲ ರಾಯರು ಶಪಥವನ್ನೇ ಮಾಡಿದರು. "ಇಂದೂ, ಈ ಸಲ ಭೂಮಿ ಬಾಯಿ ಬಿಟ್ರೂ ನಿನ್ನ ಸಿಂಗಾಪುರಕ್ಕ ಮುಟ್ಟಸ್ತೇನಿ, ನೋಡು" ಎಂದರು. ಇಂದೂಬಾಯಿ ಹೊಸ ಸೂಟಕೇಸನ್ನು ಒರೆಸಿಟ್ಟಳು. ಹದಿನೈದು ದಿನದಿಂದ ಅವಳು ಅದನ್ನು ದಿನಕ್ಕೆರಡು ಸಲ ಒರೆಸುತ್ತಿದ್ದುದನ್ನು ರಾಯರು ನೋಡಿದ್ದರು.

ಟಿಕೀಟು ಬಂದ ದಿನ ರಾಯರು ಅದನ್ನು ಅಕ್ಕನಿಗೆ ಓದಿ ಹೇಳಿದರು. ರವಿವಾರ, ಹದಿನೈದನೆಯ ತಾರೀಖು, ವೇಳೆ ಅಪರಾತ್ರಿಯದು. ನರ್ಮದಕ್ಕ ಪಂಚಾಂಗ ತೆರೆದು ಹಾಳೆಯ ಮೇಲೆ ಬೆರಳಿಟ್ಟಳು.

"ರವಿವಾರ ಪಡುವಣಕ್ಕ ಶೂಲಿ ಅದನೋ ಪ್ರಲ್ಹಾದಾ. ಮುಂಬೈ ಎಲ್ಲದ? ಪಡುವಣಕ್ಕ. ಅವತ್ತ ಮನಿ ಬಿಟ್ರ ಹೋದ ಕೆಲಸ ಹತ್ತೂದಿಲ್ಲ."

"ವಿಮಾನದವ್ರಿಗೆ ಬ್ಯಾರೆ ದಿವಸ ಬಿಡ್ರಿ ಅಂತ ಹೇಳ್ಲಿಕ್ಕೆ ಬರ್ತದೇನ್ರಿ ಅಕ್ಕಾ?" ಎಂದಳು ಇಂದೂಬಾಯಿ.

"ಅವ್ರಿಗ್ಯಾಕ ಹೇಳಬೇಕ? ಶನಿವಾರ ಮುಂಜಾನೆ ಪ್ರಸ್ಥಾನ ಇಟ್ರಾತು."

ಹೋಗುವ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೆ ಮುಂಚಿನ ಒಳ್ಳೆಯ ಮುಹೂರ್ತದಲ್ಲಿ ಪ್ರಯಾಣಿಕರ ಒಂದು ಗಂಟನ್ನು ಮನೆಯಿಂದ ಹೊರಗೆ ಕಳಿಸಿ, ಹೋಗುವ ದಿಕ್ಕಿನಲ್ಲಿದ್ದ ಇನ್ನೊಬ್ಬರ ಮನೆಯಲ್ಲಿ ಇಡುವುದು; ಅದೇ ಪ್ರಸ್ಥಾನ. ಗಂಟು ಹೊರಟಿತೆಂದರೆ ಮನುಷ್ಯ ಹೊರಟ ಲೆಕ್ಕ. ಮರುದಿನ ಹೋಗುವಾಗ ಅದನ್ನು ಎತ್ತಿಕೊಂಡು ಹೋದರಾಯಿತು, ಶೂಲಿ ತಟ್ಟುವುದಿಲ್ಲ.

ರಾಯರು ಒಂದು ಅಂಗಿ ತಂದುಕೊಟ್ಟರು. ನರ್ಮದಕ್ಕ ಅದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದಳು.

"ಅಂಗಿ ಇಟ್ರ ಅಂಗಿ ಹೊಂಟಂಗಾತು. ನೀ ಹೊಂಟ್ಯೇನು? ಯಾವುದಿಲ್ಲಂದ್ರ ಪ್ರಯಾಣನ ಆಗೂದಿಲ್ಲೋ ಅಂಥಾದು ಇಡಬೇಕು."

ರಾಯರು ವಿಚಾರ ಮಾಡಿದರು. ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಎದ್ದು ಹೋಗಿ ಪಾಸ್‌ಪೋರ್ಟು, ಟಿಕೀಟು ತಂದು ತಮ್ಮ ಕೈಯಾರ ಚೀಲದೊಳಗೆ ಇಟ್ಟರು. ಹೀಗೆ ತಾವೇ ಇಟ್ಟದ್ದೆಂಬುದನ್ನು ಅವರು ಮುಂದೆ ಯಾರೆದುರಿಗೂ ಒಪ್ಪಲಿಲ್ಲ.

ಅವರಿದ್ದದ್ದು ನಾರಾಯಣ ಪೇಠೆಯ ಒಂದು ಹಳೆಯ ವಾಡೆಯಲ್ಲಿ. ನಡುವೆ ಅಂಗಳ, ಸುತ್ತ ಬಿಡಾರಗಳು. ಪಡುವಣ ಬದಿಗೆ ಇದ್ದದ್ದು ಒಂದೇ ಖೋಲಿ, ಅದರಲ್ಲಿ ನಿಜಲಿಂಗಪ್ಪ ಮತ್ತು ಅವನ ಹೆಂಡತಿ ಸಾವಂತ್ರವ್ವ. ನಿಜಲಿಂಗಪ್ಪ ಯಾದಗಿರಿ ಕಡೆಯ ಗೌಂಡಿ, ಮೂವತ್ತು ಆಳಿನ ಮುಕಾದಮ. ಮಳೆಗೆ ಬಿದ್ದ ವಾಡೆಯ ಹಿಂಗೋಡೆಯನ್ನು ಕಟ್ಟಿಕೊಡಲು ಬಂದವನು ಆ ಖೋಲಿಯಲ್ಲೇ ಉಳಿದುಕೊಂಡಿದ್ದ. ಬೇರೆ ದಿನಗಳಲ್ಲಿ ನರ್ಮದಕ್ಕ ಅವನ ಮನೆಯ ನೆರಳು ಕೂಡ ತುಳಿದವಳಲ್ಲ. ಆದರೆ ಪಂಚಾಂಗ ಪಡುವಣ ಅಂದ ಮೇಲೆ ಅವಳಾದರೂ ಏನು ಮಾಡಿಯಾಳು? ಶನಿವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಚೀಲ ಅಂಗಳ ದಾಟಿತು. ಸರಿಯಾಗಿ ಹನ್ನೆರಡು ಹೆಜ್ಜೆ. ಸಾವಂತ್ರವ್ವ ಅದನ್ನು ಭಕ್ತಿಯಿಂದ ಗೋಡೆಯ ಗೂಟಕ್ಕೆ ತೂಗುಹಾಕಿದಳು.

ರವಿವಾರ ಬೆಳಿಗ್ಗೆ ಆ ಮನೆಗೆ ಕೀಲಿ ಬಿದ್ದಿತ್ತು.

ಕಾರಣ ಹೇಳಿದವರು ವಾಡೆಯ ಮಾಲೀಕರಾದ ಪರಚುರೆ. ರೈಲ್ವೆಯಲ್ಲಿ ಸ್ಟೇಶನ್ ಮಾಸ್ತರರಾಗಿ ನಿವೃತ್ತರಾದವರು, ಅಂಗಳದಲ್ಲಿ ಅವರು ಬರೆದು ತೂಗುಹಾಕಿದ ಬೋರ್ಡುಗಳೇ ಹದಿನೇಳು ಇದ್ದವು. ಅವರು ಆಡಿದ್ದೆಲ್ಲ ಮರಾಠಿಯಲ್ಲೇ ಆದರೂ ಅದರ ಖಾರ ಯಾವ ಭಾಷೆಯಲ್ಲೂ ಕಡಿಮೆಯಾಗುವಂಥದ್ದಲ್ಲ.

"ನಿಜಲಿಂಗಪ್ಪ? ಆರೂ ಹದಿನೈದರ ಎಸ್ಟಿ ಬಸ್ಸಿಗೆ ಜೇಜುರಿಗೆ ಹೋದ. ರವಿವಾರ ಖಂಡೋಬಾನ ವಾರ. ಸಂಜೆ ಬರುತ್ತಾನೆ."

"ಸಂಜೀಕೇನ್ರೀ!" ರಾಯರ ದನಿ ಕೀರಲಾಯಿತು. ಅವರು ಆಗಲೇ ಹೊಸ ಸೂಟು ತೊಟ್ಟು, ಟೈ ಬಿಗಿದುಕೊಂಡು ನಿಂತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಸ್ಟೇಶನ್ನಿನಿಂದ ದಾದರಿನ ಟ್ಯಾಕ್ಸಿ ಹಿಡಿಯುವುದೆಂದು ಠರಾವಾಗಿತ್ತು.

ಕಿಟಕಿಯ ಸರಳುಗಳ ನಡುವೆ ಇಣುಕಿದರೆ ಗೂಟದ ಮೇಲೆ ಚೀಲ ಕಾಣುತ್ತಿತ್ತು. ಆರು ಅಡಿ ಅಷ್ಟೆ. ಬಟ್ಟೆ ಒಣಹಾಕುವ ಕೋಲು ತಂದು ರಾಯರು ಸರಳುಗಳ ಸಂದಿಯಿಂದ ತೂರಿಸಿದರು. ಅಷ್ಟರಲ್ಲಿ ವಾಡೆಯ ಜನವೆಲ್ಲ ಹಲ್ಲುಜ್ಜುತ್ತ ಬಂದು ಸುತ್ತ ನಿಂತಿತು. ಒಬ್ಬರು ಎಡಕ್ಕೆ ಅಂದರು, ಒಬ್ಬರು ಬಲಕ್ಕೆ ಅಂದರು, ಮೇಲಿನ ಮಾಳಿಗೆಯವರು ಏನೂ ಕಾಣದಿದ್ದರೂ "ಇನ್ನೂ ಮೇಲೆ" ಅಂದರು. ಕೋಲಿನ ತುದಿ ಹಿಡಿಕೆಗೆ ಸಿಕ್ಕಿತು. "ಬಂತು, ಬಂತು!" ಎಂದು ರಾಯರು ಎಳೆಯುವುದಕ್ಕೂ, ಬಿಚ್ಚಿದ್ದ ಹೊಲಿಗೆ ಪೂರ್ತಿ ಬಿಚ್ಚುವುದಕ್ಕೂ ಸರಿಹೋಯಿತು. ಚೀಲ ದೊಪ್ಪನೆ ಬಿದ್ದು ಜೋಳದ ಡಬ್ಬಿಯ ಹಿಂದೆ ಮಾಯವಾಯಿತು. ಈಗ ಕಾಣುವುದೂ ಇಲ್ಲ.

"ಕೀಲಿ ಒಡೀರಿ ಅತ್ಲಾಗ" ಎಂದಳು ಇಂದೂಬಾಯಿ.

"ಕುಲೂಪ್ ತೋಡಾಯಚಂ ನಾಹೀ!" ಪರಚುರೆ ಗುಡುಗಿದರು. "ಭಾಡೆಕರಿಯ, ಬಾಡಿಗೆಯವನ ಬೀಗ ಅವನಿಲ್ಲದಾಗ ಒಡೆದರೆ ನಾನು ಈಗಲೇ ಪೊಲೀಸ್ ಚೌಕಿಗೆ ಹೋಗುತ್ತೇನೆ."

ನರ್ಮದಕ್ಕ ಇನ್ನೊಂದು ಕಡೆಯಿಂದ ಕಟ್ಟಿಹಾಕಿದಳು. "ಒಡದ ಮನ್ಯಾಗಿನ ಪ್ರಸ್ಥಾನ ಎತ್ತಿದ್ರ ವಿಮಾನ ಸಮುದ್ರದಾಗ ಬೀಳ್ತದ. ಇಟ್ಕೊಂಡವ್ರ ಕೈಯಿಂದನ ಕೀಲಿ ತರ್ರಿ."

"ನಾ ಹೋಗಿ ತರ್ತೇನಿ" ಎಂದರು ರಾಯರು.

"ನೀವೊಬ್ರನ?" ಇಂದೂಬಾಯಿ ಚಪ್ಪಲಿ ಮೆಟ್ಟಿದಳು. "ವಾಯಿಯಾಗೊಮ್ಮೆ ಬಿಟ್ಟಿದ್ದು ಸಾಕಾಗ್ಯದ್ರಿ. ನಡೀರಿ, ನಾನೂ ಬರ್ತೇನಿ."

ಸೂಟು ಬಿಚ್ಚಿ ಮತ್ತೆ ತೊಡಲು ಹೊತ್ತಿರಲಿಲ್ಲ. ಇಂದೂಬಾಯಿ ಉಟ್ಟ ಧರ್ಮಾವರದ ರೇಷ್ಮೆ ಸೀರೆ ಬದಲಿಸಲೂ ಹೊತ್ತಿರಲಿಲ್ಲ. ಸ್ವಾರಗೇಟಿನಲ್ಲಿ ಜೇಜುರಿಯ ಎಸ್ಟಿ ಹಿಡಿಯುವಾಗ ಕಂಡಕ್ಟರನು ಅವರನ್ನು ಮೇಲಿಂದ ಕೆಳಗೆ ನೋಡಿ, ಯಾರದು ಲಗ್ನ ಎಂದು ಕೇಳಿದ. ಕೂಡಲು ಜಾಗವಿಲ್ಲ. ದಿವೇ ಘಾಟಿನ ತಿರುವುಗಳಲ್ಲಿ ರಾಯರು ಒಮ್ಮೆ ಕೋಳಿಬುಟ್ಟಿಯ ಮೇಲೆ, ಒಮ್ಮೆ ಕೋಳಿಬುಟ್ಟಿಯ ಮಾಲಕಿಯ ಮೇಲೆ ವಾಲಿದರು. ಎರಡೂ ಕಡೆಯಿಂದ ಕುಕ್ಕಿಸಿಕೊಂಡರು.

ಜೇಜುರಿಯಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಗುಡ್ಡದ ಮೇಲೆ ಗುಡಿ, ಗುಡಿಯವರೆಗೆ ನೂರಾರು ಕಲ್ಲಿನ ಮೆಟ್ಟಿಲು, ಮೆಟ್ಟಿಲ ತುಂಬ ಜನ, ಜನರ ಮೇಲೆಲ್ಲ ಅರಿಷಿಣ. ನಮ್ಮ ಕಡೆ ಮೈಲಾರಲಿಂಗ ಎನ್ನುವ ಖಂಡೋಬಾನ ಭಂಡಾರವೆಂದು ಎಲ್ಲರೂ ಮುಷ್ಟಿ ಮುಷ್ಟಿ ಅರಿಷಿಣ ಎರಚುತ್ತಿದ್ದರು. ಹತ್ತು ಮೆಟ್ಟಿಲು ಏರುವುದರೊಳಗೆ ಬೂದಿಬಣ್ಣದ ಸೂಟು ಮಾವಿನಹಣ್ಣಿನ ಬಣ್ಣಕ್ಕೆ ತಿರುಗಿತು. ರಾಯರು ಝಾಡಿಸಿಕೊಂಡಷ್ಟೂ ಅದು ಒಳಗೆ ಇಳಿಯಿತು.

ಅಷ್ಟಕ್ಕೆ ಮುಗಿದಿದ್ದರೆ ಚಿಂತೆಯಿರಲಿಲ್ಲ. ಹೊಸದಾಗಿ ಮದುವೆಯಾದವನು ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲು ಏರಬೇಕೆಂಬುದು ಆ ಊರಿನ ರೂಢಿ. ಹೊಸ ಸೂಟು, ಟೈ, ರೇಷ್ಮೆ ಸೀರೆ, ಗಡಬಡಿಸಿ ಏರುವ ಜೋಡಿ. ಭಂಡಾರ ಮಾರುವ ಮುದುಕನೊಬ್ಬ ಇದನ್ನೆಲ್ಲ ನೋಡಿ ತನಗೆ ತಿಳಿದದ್ದನ್ನು ತಿಳಿದುಕೊಂಡ. ವಯಸ್ಸಾದ ಮೇಲೆ ಆದ ಎರಡನೆಯ ಸಂಬಂಧವಿರಬೇಕು, ಪಾಪ, ನಾಚುತ್ತಾರೆ ಎಂದುಕೊಂಡು ದಾರಿಗಡ್ಡ ನಿಂತ.

"ಬಾಯಕೋಲಾ ಉಚಲಾ, ಸಾಹೇಬ! ಹೆಂಡತಿಯನ್ನು ಎತ್ತಿ, ಎತ್ತಿ!"

"ನಮ್ಮ ಮದವಿ ಆಗಿ ಇಪ್ಪತ್ತೆರಡು ವರ್ಷ ಆತ್ರೀ!" ಎಂದು ರಾಯರು ಕನ್ನಡದಲ್ಲಿ ಕೂಗಿದರು. ಗಾಬರಿಯಲ್ಲಿ ಮರಾಠಿ ಮರೆತೇ ಹೋಗಿತ್ತು. ಜನ ಸುತ್ತುಗಟ್ಟಿತು, ಚಪ್ಪಾಳೆ ಶುರುವಾಯಿತು. ಎತ್ತದೆ ಯಾರೂ ದಾರಿ ಬಿಡುವ ಹಾಗೆ ಕಾಣಲಿಲ್ಲ. ರಾಯರು ಗಡಿಯಾರ ನೋಡಿಕೊಂಡು, ಖಂಡೋಬಾನನ್ನು ನೆನೆದು, ಹೆಂಡತಿಯನ್ನು ಎತ್ತಿದರು.

ಇಂದೂಬಾಯಿಯ ತೂಕದ ಬಗ್ಗೆ ಇಲ್ಲಿ ಬರೆಯುವುದು ಮರ್ಯಾದೆಯಲ್ಲ. ಒಂದನೆಯ ಮೆಟ್ಟಿಲಲ್ಲಿ ಕೋಟಿನ ಗುಂಡಿ ಹಾರಿತು. ಎರಡನೆಯದರಲ್ಲಿ ಪ್ಯಾಂಟಿನ ಹಿಂದುಗಡೆ ಏನೋ ಹರಿದ ಸಪ್ಪಳವಾಯಿತು. ಮೂರನೆಯದರಲ್ಲಿ ಕಣ್ಣು ಕತ್ತಲೆ ಬಂತು. ನಾಲ್ಕನೆಯದರಲ್ಲಿ ಕಿವಿಯ ಹತ್ತಿರ ಏನೋ ಕೇಳಿದ ಹಾಗಾಗಿ ರಾಯರು ಒಂದು ಕ್ಷಣ ತಡೆದರು. ಇಂದೂಬಾಯಿ ನಗುತ್ತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು, ಮೈಯೆಲ್ಲ ಕುಲುಕಿಸಿ. ಅವಳು ಹೀಗೆ ನಕ್ಕದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ. ಐದನೆಯ ಮೆಟ್ಟಿಲು ಹೇಗೆ ಏರಿದರೋ ಅವರಿಗೇ ಗೊತ್ತಾಗಲಿಲ್ಲ.

"ಸಾಕ್ರೀ, ಇಳಸ್ರಿ. ಸಿಂಗಾಪುರದಾಗ ಇದೇನ್ ಮಾಡಸೂದಿಲ್ಲಲ್ಲ?" ಎಂದಳು.

"ಮಾಡಸಿದ್ರ ಮಾಡೋಣಂತ. ರೂಢಿ ಆತಲ್ಲ" ಎಂದರು ರಾಯರು, ಉಸಿರು ಸಿಕ್ಕ ಮೇಲೆ.

ಗುಡಿಯ ಅಂಗಳದಲ್ಲಿ ಎಲ್ಲರ ಮುಖವೂ ಹಳದಿ. ನಾಲ್ಕು ಜನರ ಭುಜ ಹಿಡಿದು ತಿರುಗಿಸಿ ನೋಡಿದ ಮೇಲೆ ಐದನೆಯವನು ನಿಜಲಿಂಗಪ್ಪನಾದ. ಸೂಟಿನ ಮನುಷ್ಯನನ್ನು ಕಂಡು ಅವನು ಬೆದರಿ ನಿಂತ.

"ಅಯ್ಯಯ್ಯ, ಗಲಗಲಿ ಸಾಹೇಬ್ರ! ನೀವಿನ್ನಾ ಹೋಗಿಲ್ಲೇನ್ರಿ?"

"ಕೀಲಿ ಎಲ್ಲೋ ಮಾರಾಯಾ? ಪ್ರಸ್ಥಾನ ನಿಮ್ಮ ಮನ್ಯಾಗನ ಉಳದದ!"

"ರಾತ್ರಿ ಇಮಾನ ಅಂದ್ರಲ್ರಿ. ಸಂಜಿಕಿ ಬಂದು ಕೊಟ್ರ ಆಯ್ತು ಅಂದ್ಕೊಂಡೀವ್ರಿ. ಕೀಲಿ ನಮ್ಮಾಕಿ ಸೆರಗಿನಾಗ ಅದರಿ. ಆಕಿ ಕಡೇಪಠಾರಕ್ಕ ಹೋಗ್ಯಾಳ್ರಿ."

ಕಡೇಪಠಾರವೆಂದರೆ ಇನ್ನೂ ಮೇಲಿನ ಗುಡ್ಡದ ಹಳೆಯ ಗುಡಿ. ರಾಯರು ತಲೆಯೆತ್ತಿ ನೋಡಿದರು. ಅಲ್ಲಿಯೂ ಮೆಟ್ಟಿಲುಗಳೇ. ಅರ್ಧ ದಾರಿಯಲ್ಲಿ, ಕಾಲು ಬಿದ್ದುಹೋಗುವ ಹೊತ್ತಿಗೆ, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಸಾವಂತ್ರವ್ವ ಇಳಿದು ಬರುವುದು ಕಂಡಿತು. ಅವಳು ಸಂಗತಿ ಕೇಳಿ "ಯವ್ವಾ ನಮ್ಮವ್ವಾ!" ಎಂದು ಎದೆಗೆ ಕೈ ಹಚ್ಚಿಕೊಂಡು, ಸೆರಗಿನ ಗಂಟು ಬಿಚ್ಚಿ ಕೀಲಿ ಕೊಟ್ಟಳು. "ನಾವು ಆಮ್ಯಾಲಿನ ಎಸ್ಟಿಗಿ ಬರತೀವ್ರಿ ಬಾಯಾರ. ನೀವ್ ಸುಮ್ನ ಓಡ್ರಿ. ಮೈಲಾರಲಿಂಗ ನಿಮಗ ಇಮಾನ ಹಿಡಸ್ತಾನ."

ಓಡಿದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಗಂಡಹೆಂಡತಿ ಕೈ ಹಿಡಿದು ಓಡಿದ್ದು ಅದೇ ಮೊದಲು. ಒಂದೂವರೆಯ ಎಸ್ಟಿಯಲ್ಲಿ ಬಾಗಿಲ ಹತ್ತಿರವೇ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ರಾಯರು ಲೆಕ್ಕ ಹಾಕಿದರು. ಮೂರೂವರೆಗೆ ವಾಡೆ, ನಾಲ್ಕೂವರೆಗೆ ಟ್ಯಾಕ್ಸಿ, ಒಂಬತ್ತಕ್ಕೆ ದಾದರು. ಹತ್ತಕ್ಕೆ ವಿಮಾನ ನಿಲ್ದಾಣ. ಇನ್ನೂ ಎರಡೂವರೆ ತಾಸು ಕೈಯಲ್ಲಿ ಉಳಿಯುತ್ತಿತ್ತು. "ಮುಟ್ಟೇ ಮುಟ್ತೇವಿ ಇಂದೂ" ಎಂದರು. ಇಂದೂಬಾಯಿ ಕಿಟಕಿಯ ಹೊರಗೆ ನೋಡುತ್ತ, "ಅಲ್ಲೆ ಸಮುದ್ರದ ದಂಡ್ಯಾಗ ಮಂದಿ ಸೀರಿ ಉಟ್ಕೊಂಡು ಅಡ್ಡಾಡ್ತಾರೋ ಇಲ್ಲೋ" ಎಂದಳು.

ವಾಡೆಯ ಬಾಗಿಲಿಗೆ ಬಂದಾಗ ಅಂಗಳದ ತುಂಬ ಜನ. ಹನ್ನೆರಡಕ್ಕೆ ಬೀಳ್ಕೊಡಲು ಸೇರಿದವರು ಹಾಗೇ ನಿಂತಿದ್ದರು. ಕೆಲವರು ಊಟ ಮಾಡಿ ಮತ್ತೆ ಬಂದಿದ್ದರು. ಝೆಂಡು ಹೂವಿನ ಮಾಲೆಗಳು ಬಾಡಿದ್ದವು. ನರ್ಮದಕ್ಕ ಆರತಿ ತಟ್ಟೆ ಹಿಡಿದಿದ್ದಳು. ಸೂಟಕೇಸುಗಳು ಆಗಲೇ ರಿಕ್ಷಾದಲ್ಲಿದ್ದವು. ರಾಯರು ಕೀಲಿ ತೆಗೆದು ಒಳಹೊಕ್ಕು, ಜೋಳದ ಡಬ್ಬಿ ಸರಿಸಿ, ಚೀಲ ಹೊರಗೆ ತಂದು ಎತ್ತಿ ತೋರಿಸಿದರು. ಜನ ಜಯಕಾರ ಹಾಕಿತು. ಕುಂಕುಮ ಹಚ್ಚಿದರು, ಮಾಲೆ ಹಾಕಿದರು. ಹಳದಿ ಸೂಟಿಗೆ ಹಳದಿ ಮಾಲೆ ಚೆನ್ನಾಗಿ ಹೊಂದಿತು.

"ನಿಲ್ಲಿ" ಎಂದರು ಪರಚುರೆ. "ಟಿಕೀಟು ತೋರಿಸಿ. ನಾನು ನೋಡದೆ ಒಂದು ಟಿಕೀಟೂ ಪ್ಲ್ಯಾಟ್‌ಫಾರ್ಮ್ ಬಿಟ್ಟಿಲ್ಲ."

ರಾಯರು ಹೆಮ್ಮೆಯಿಂದ ಕೊಟ್ಟರು. ಪರಚುರೆ ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವ ಹಾಗೆ ಓದತೊಡಗಿದರು. ಹೆಸರು ಓದಿದರು, ಊರು ಓದಿದರು. ಆಮೇಲೆ ಟಿಕೀಟನ್ನು ಬಿಸಿಲಿಗೆ ಹಿಡಿದು ಮತ್ತೊಮ್ಮೆ ನೋಡಿದರು.

"ಗಲಗಲಿ, ವಿಮಾನ ಯಾವಾಗ ಅಂದಿರಿ?"

"ಇವತ್ತ ರಾತ್ರೀನ್ರಿ. ಹನ್ನೆರಡೂ ನಲವತ್ತಕ್ಕ."

"ಇಲ್ಲಿ ಬರೆದಿರುವುದು ಸೊನ್ನೆ ಸೊನ್ನೆ ನಲವತ್ತು. ತಾರೀಖು ಹದಿನೈದು. ಹದಿನೈದು ಶುರುವಾದದ್ದು ನಿನ್ನೆ ರಾತ್ರಿ ಹನ್ನೆರಡು ಹೊಡೆದಾಗ. ಅಲ್ಲಿಂದ ನಲವತ್ತು ಮಿನಿಟಿಗೆ ನಿಮ್ಮ ವಿಮಾನ ಹೋಯ್ತು. ನೀವು ಆಗ ಮಲಗಿದ್ದಿರಿ. ಮೂವತ್ತೊಂದು ವರ್ಷ ಗಾಡಿ ಬಿಟ್ಟವನು ಹೇಳುತ್ತಿದ್ದೇನೆ, ಇಷ್ಟೊತ್ತಿಗೆ ಅದು ಸಿಂಗಾಪುರದಲ್ಲಿ ಗುಡಿಸಿ ಒರೆಸಿಕೊಂಡು ನಿಂತಿರುತ್ತದೆ."



"ಅದ್ಹೆಂಗ?" ನರ್ಮದಕ್ಕ ಆರತಿ ತಟ್ಟೆ ಕೆಳಗಿಟ್ಟಳು. "ರವಿವಾರ ಹುಟ್ಟೂದು ಸೂರ್ಯ ಹುಟ್ಟಿದ ಮ್ಯಾಲೆ. ರಾತ್ರಿ ಹನ್ನೆರಡಕ್ಕ ಯಾವ ವಾರಾನೂ ಹುಟ್ಟೂದಿಲ್ಲ!"

"ಅದನ್ನು ವಿಮಾನದವರಿಗೆ ಬರೆದು ತಿಳಿಸಿ, ಬಾಯಿ" ಎಂದು ಪರಚುರೆ ಟಿಕೀಟನ್ನು ನಾಜೂಕಾಗಿ ಮಡಚಿ ತಿರುಗಿ ಕೊಟ್ಟರು.

ನರ್ಮದಕ್ಕ ಬೆರಳು ಎಣಿಸಿದಳು. ಒಮ್ಮೆಲೆ ಮುಖ ಬಿಳಿಚಿತು. "ಹಂಗಾದ್ರ ನಿನ್ನೆ ಶನಿವಾರನ ಮನಿ ಬಿಡೂದಿತ್ತಲ್ಲೋ! ಶನಿವಾರ ಪಡುವಣಕ್ಕ ಯಾ ದೋಷಾನೂ ಇದ್ದಿಲ್ಲ. ಪ್ರಸ್ಥಾನನ ಬೇಕಿದ್ದಿಲ್ಲಲ್ಲೋ ಪ್ರಲ್ಹಾದಾ!"

ರಾಯರಿಗೆ ಅದು ಕೇಳಿಸಲಿಲ್ಲ. ಅವರು ಇಂದೂಬಾಯಿಯನ್ನು ನೋಡುತ್ತಿದ್ದರು. ಅವಳು ಅತ್ತಿದ್ದರೆ, ಬೈದಿದ್ದರೆ, ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೊರಳಿನ ಮಾಲೆ ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. ನಾಳೆ ಪಿಂಪ್ರಿಯ ಕ್ಯಾಂಟೀನಿನಲ್ಲಿ ಏನಾಗುವುದೆಂಬುದು ರಾಯರಿಗೆ ನೆನಪಾಯಿತು, ಆದರೆ ಇದರ ಮುಂದೆ ಅದು ಏನೂ ಅಲ್ಲ ಅನ್ನಿಸಿತು. ತಪ್ಪು ತನ್ನದೇ ಎಂದು ಅವಳ ಕಾಲು ಹಿಡಿಯಬೇಕೆನ್ನಿಸಿತು. ಇಷ್ಟು ಜನರ ಎದುರಿಗೆ ಅದೂ ಆಗಲಿಲ್ಲ.

ರಿಕ್ಷಾದಿಂದ ಸೂಟಕೇಸು ಇಳಿಸಿಕೊಂಡು ರಾಯರು ಮನೆಯ ಕಡೆ ನಡೆದರು. ಹೊಸ್ತಿಲಲ್ಲಿ ನರ್ಮದಕ್ಕ ಎರಡೂ ಕೈ ಚಾಚಿ ನಿಂತಿದ್ದಳು.

"ಎಲ್ಲಿ ಬರ್ತೀ?"

"ಮನೀಗಕ್ಕಾ. ಇನ್ನೆಲ್ಲಿ ಹೋಗ್ಲಿ?"

"ಪ್ರಸ್ಥಾನ ಎತ್ಯಾಗ್ಯದ. ಆರತಿ ಆಗ್ಯದ. ಎತ್ತಿದ ಪ್ರಸ್ಥಾನ ಪ್ರಯಾಣ ಮಾಡ್ದ ಮನಿಗೆ ತಿರುಗಿ ಬಂದ್ರ ಮನ್ಯಾಗಿನ ಹಿರೇರಿಗೆ ಕಂಟಕ. ಮನ್ಯಾಗ ಹಿರ್ಯಾಕಿ ಯಾರು? ನಾನ. ಮೂರು ರಾತ್ರಿ ಹೊರಗ ಕಳದು ಬರ್ರಿ."

"ಎಲ್ಲೆ ಕಳೀಲಿ?"

"ಪಡುವಣಕ್ಕ ಎಲ್ಲ್ಯಾದ್ರೂ."

ಪಡುವಣಕ್ಕೆ ಇದ್ದದ್ದು ಹನ್ನೆರಡು ಹೆಜ್ಜೆಯ ಆಚೆಯ ಖೋಲಿ. ಅದರ ಬಾಗಿಲು ಇನ್ನೂ ತೆರೆದೇ ಇತ್ತು. ಬೇರೆ ದಾರಿ ಕಾಣದೆ ರಾಯರು ಸೂಟಕೇಸು ಎತ್ತಿಕೊಂಡು ಅಂಗಳ ದಾಟಿದರು, ಹಿಂದೆ ಇಂದೂಬಾಯಿ. ಐದೂವರೆಗೆ ನಿಜಲಿಂಗಪ್ಪ, ಸಾವಂತ್ರವ್ವ ಬಂದು ನೋಡಿದರೆ, ಸಿಂಗಾಪುರದಲ್ಲಿರಬೇಕಾದ ಗಂಡಹೆಂಡಿರು ತಮ್ಮ ಕಂಬಳಿಯ ಮೇಲೆ ಕೂತಿದ್ದರು. ಸಂಗತಿ ತಿಳಿದು ಸಾವಂತ್ರವ್ವನಿಗೆ ನಗು ತಡೆಯಲಾಗಲಿಲ್ಲ, ನಕ್ಕದ್ದಕ್ಕೆ ನಾಚಿಕೆಯೂ ಆಯಿತು. "ಮೂರು ರಾತ್ರ್ಯಾಕ, ತಿಂಗಳಾ ಇರ್ರಿ ಬಾಯಾರ. ನೀವ್ ಒಲಿ ಮುಂದ ಬರಬ್ಯಾಡ್ರಿ, ಕುಂತಲ್ಲೇ ರೊಟ್ಟಿ ಕೊಡ್ತೀನಿ" ಎಂದು ಹಿಟ್ಟು ನಾದಲು ಕೂತಳು. ಇಂದೂಬಾಯಿ ತಲೆಯಾಡಿಸಿದಳು, ಅಷ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಪರಚುರೆ. ಕಂಕುಳಲ್ಲಿ ಉದ್ದನೆಯದೊಂದು ರಜಿಸ್ಟರು, ಕೈಯಲ್ಲಿ ಪೆನ್ನು ಮತ್ತು ವಾಡೆಯ ಮುದ್ರೆ ಒತ್ತುವ ರಬ್ಬರ್ ಶಿಕ್ಕಾ.

"ಭಾಡೆಕರಿಗಳ ಮನೆಯಲ್ಲಿ ಹೊರಗಿನವರು ರಾತ್ರಿ ಉಳಿಯುವುದಾದರೆ ನೋಂದಾಯಿಸಬೇಕು. ವಾಡೆಯ ನಿಯಮ."

"ನಾವು ಹೊರಗಿನವ್ರೇನ್ರಿ? ಹದಿನಾರು ವರ್ಷದಿಂದ ಅಕಾ ಅಲ್ಲೆ ಇದ್ದೇವಿ!" ರಾಯರು ಕಿಟಕಿಯಿಂದ ತಮ್ಮ ಮನೆ ತೋರಿಸಿದರು.

"ಆ ಖೋಲಿಯಲ್ಲಿ ನೀವು ಭಾಡೆಕರಿ. ಈ ಖೋಲಿಯಲ್ಲಿ ಪಾಹುಣೆ, ಅತಿಥಿ. ನಿಯಮ ಎಲ್ಲರಿಗೂ ಒಂದೇ. ಬಂದ ಊರು?"

"ಪುಣೆ."

"ಮುಂದೆ ಹೋಗುವ ಊರು?"

"ಪುಣೆ."

"ವಾಸ್ತವ್ಯ?"

"ಮೂರು ರಾತ್ರಿ" ಎಂದರು ರಾಯರು, ನೆಲ ನೋಡುತ್ತ.

"ಗುರುತಿನ ಪತ್ರ?"

ರೇಶನ್ ಕಾರ್ಡು ಮನೆಯಲ್ಲಿತ್ತು, ಮನೆಯ ಹೊಸ್ತಿಲಲ್ಲಿ ಅಕ್ಕ ಇದ್ದಳು. ರಾಯರು ಬೇರೆ ದಾರಿಯಿಲ್ಲದೆ ಹಳದಿ ಚೀಲಕ್ಕೆ ಕೈ ಹಾಕಿ ಎರಡೂ ಪಾಸ್‌ಪೋರ್ಟು ತೆಗೆದುಕೊಟ್ಟರು. ಪರಚುರೆ ಹೊಸ ಹಾಳೆಗಳನ್ನು ಒಂದೊಂದಾಗಿ ತಿರುವಿದರು, ಫೋಟೋ ನೋಡಿದರು, ಮುಖ ನೋಡಿದರು, ನಂಬರು ಬರೆದುಕೊಂಡರು. ಅವನ್ನು ಅಧಿಕೃತವಾಗಿ ತಪಾಸಣೆ ಮಾಡಿದವರು ಅವರೊಬ್ಬರೇ.

ಅವರು ಎದ್ದು ಹೊರಡುವಾಗ ಇಂದೂಬಾಯಿ ಮಧ್ಯಾಹ್ನದಿಂದ ಮೊದಲ ಸಲ ಬಾಯಿ ತೆರೆದಳು.

"ಅಲ್ರೀ," ಎಂದಳು ಗಂಡನಿಗೆ, "ಅವ್ರ ಹಂತ್ಯಾಕ ವಾಡೇದ್ದು ರಬ್ಬರ್ ಶಿಕ್ಕಾ ಅದ. ಎರಡೂ ಪಾಸ್‌ಪೋರ್ಟಿನಾಗ ಒಂದೊಂದು ಹೊಡದು ಕೊಡ್ಲಿಕ್ಕೆ ಹೇಳ್ರಿ. ಹೊಂಟಿದ್ದಂತೂ ಖರೇ ಅದಲ್ಲ."